ನಾಲ್ಕು ಪುಟಕ್ಕೆ ಒಂದೇ ಚಿತ್ರ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಪಂಪ್‌ಹೌಸುಗಳ ರಿಪೇರಿ ನೋಡಿಕೊಳ್ಳುವ ಗುತ್ತಿಗೆ ಕಂಪನಿಯೊಂದರ ಆಫೀಸು ಪಾಂಡವಪುರದಲ್ಲಿತ್ತು. ಆತಿಯಾ ಅಲ್ಲಿ ಕೆಲಸಕ್ಕಿದ್ದಳು. ಮೆಕ್ಯಾನಿಕ್ಕುಗಳು ಮೊಬೈಲಿನಲ್ಲೇ ನೋಡಿಕೊಳ್ಳಲೆಂದು ಅವಳು ತಂಡಕ್ಕೆಂದು ಒಂದು ವಿಕಿ, ಅಂದರೆ ಮಾಹಿತಿಪುಟಗಳ ಜಾಲತಾಣ, ಕಟ್ಟಿದ್ದಳು. ಒಂದೊಂದು ಪಂಪ್‌ಹೌಸಿಗೆ ಒಂದೊಂದು ಪುಟ. ಸ್ವಿಚ್‌ಬೋರ್ಡುಗಳ ಮೇಲಿನ ಬರಹ ಅಳಿಸಿಹೋಗಿ ವರ್ಷಗಳಾಗಿದ್ದವು. ನಾಲ್ಕೂ ಕಡೆ ಬೋರ್ಡು ಒಂದೇ ಥರದ್ದು. ಹಾಗಾಗಿ ಮೋಟಾರಿನ ಸ್ವಿಚ್ಚಿಗೆ ಕೆಂಪು ಸುತ್ತು ಹಾಕಿದ ಒಂದೇ ಫೋಟೋವನ್ನು ನಾಲ್ಕೂ ಪುಟಗಳಿಗೆ ಜೋಡಿಸಿದ್ದಳು. ಒಂದು ಸಲ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ ಎಂದು ಮ್ಯಾನೇಜರ್ ರಘುನಂದನ್ ಮೀಟಿಂಗಿನಲ್ಲಿ ಅವಳನ್ನು ಹೊಗಳಿದ್ದರು.

ಐವತ್ತು ದಾಟಿದ ಮೆಕ್ಯಾನಿಕ್ ಕಾಳಪ್ಪನಿಗೆ ಓದು ಅಷ್ಟಕ್ಕಷ್ಟೆ. "ನೀನ್ ಬರ್ದಿರೋದ್ ಯಾವ್ದೂ ನಾನ್ ಓದಾಕಿಲ್ಲ ಕಣವ್ವಾ. ಕೆಂಪ್ ಸುತ್ತು ಒಂದ್ ನೋಡ್ತೀನಿ, ಅಷ್ಟೇಯ," ಎನ್ನುತ್ತಿದ್ದ.

ಆಷಾಢದಲ್ಲಿ ಕೆ.ಆರ್. ಪೇಟೆಗೆ ಹೊಸ ಬೋರ್ಡು ಬಂತು. ನೋಡಲು ಹಳೆಯದರ ಹಾಗೆಯೇ ಬೂದು ಪೆಟ್ಟಿಗೆ. ಆದರೆ ಮೋಟಾರಿನ ಸ್ವಿಚ್ಚು ಎಡಕ್ಕೆ, ದೀಪದ್ದು ಬಲಕ್ಕೆ, ಹಳೆಯದಕ್ಕೆ ತಿರುವುಮುರುವು. ಅಲ್ಲಿನ ಮೆಕ್ಯಾನಿಕ್ ಲೋಹಿತ್ ಫೋಟೋ ಕಳಿಸಿದ. ಆತಿಯಾ ಅದಕ್ಕೆ ಸುತ್ತು ಹಾಕಿ ಹಳೆಯ ಚಿತ್ರದ ಜಾಗಕ್ಕೆ ಏರಿಸಿದಳು. ಕೆ.ಆರ್. ಪೇಟೆಯ ಪುಟ ತೆರೆದು ನೋಡಿದಳು, ಸರಿಯಾಗಿತ್ತು. ಮಿಕ್ಕ ಮೂರನ್ನು ತೆರೆಯಲಿಲ್ಲ. ಊಟದ ಹೊತ್ತಾಗಿತ್ತು.

ಒಂಬತ್ತನೆಯ ದಿನ ನಾಗಮಂಗಲದ ಮೋಟಾರು ಕೆಟ್ಟು ನಿಂತಿತು. ಕಾಳಪ್ಪ ಹೋದ. ಮೊಬೈಲು ನೋಡಿ ಎಡಗಡೆಯ ಸ್ವಿಚ್ಚು ಆರಿಸಿದ. ಅಲ್ಲಿ ಅದು ದೀಪದ್ದು. ಮಟಮಟ ಮಧ್ಯಾಹ್ನ, ದೀಪ ಆರಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಮೋಟಾರಿನ ಮುಚ್ಚಳ ಬಿಚ್ಚಿ ತಂತಿಗೆ ಕೈಯಿಟ್ಟ.

"ಅಕ್ಕಾ, ಕಾಳಪ್ಪಣ್ಣ ಓಗ್ಬುಟ್ಟ," ಎಂದು ಸುದ್ದಿ ತಿಳಿದ ಲೋಹಿತ್ ಫೋನಿನಲ್ಲಿ ಅತ್ತ. ಕರೆಂಟು ಹೊಡೆಯಿತೆಂದು ಕೇಳಿದ್ದೇ ಆತಿಯಾ ನಾಗಮಂಗಲದ ಪುಟ ತೆರೆದಳು. ಅಲ್ಲೂ ಕೆ.ಆರ್. ಪೇಟೆಯ ಹೊಸ ಚಿತ್ರವೇ ಇತ್ತು.

ರಘುನಂದನ್ ಬಾಗಿಲು ಹಾಕಿಕೊಂಡು ಬಂದರು. "ಹಳೇ ಫೋಟೋ ವಾಪಸ್ ಹಾಕ್ಬುಡಿ. ಟೆಸ್ಟರ್ ಇಟ್ಟು ನೋಡ್ದೆ ಮುಟ್ಟವ್ನೆ, ತಪ್ಪು ಅವನದೇ. ಪೊಲೀಸ್ರು ಕೇಳಿದ್ರೆ ಅಷ್ಟೇ ಹೇಳಿ."

ಹಾಕದೆ ವಿಧಿಯಿರಲಿಲ್ಲ, ಬಿಟ್ಟರೆ ಶ್ರೀರಂಗಪಟ್ಟಣದಲ್ಲೋ ಪಾಂಡವಪುರದಲ್ಲೋ ಇನ್ನೊಬ್ಬ ಸಾಯುತ್ತಿದ್ದ. ಆದರೆ ಅದಕ್ಕೆ ಮೊದಲು, ಚಿತ್ರವನ್ನು ಯಾರು ಯಾವತ್ತು ಬದಲಿಸಿದರೆಂಬ ವಿವರವನ್ನು ಪ್ರಿಂಟ್ ತೆಗೆದು ಬ್ಯಾಗಿಗೆ ಸೇರಿಸಿದಳು. ಅದರಲ್ಲಿದ್ದದ್ದು ಅವಳೊಬ್ಬಳ ಹೆಸರೇ. ಆಮೇಲೆ ಹೊಸ ಚಿತ್ರವನ್ನು ಕೆ.ಆರ್. ಪೇಟೆಯ ಪುಟಕ್ಕಷ್ಟೇ ಇಟ್ಟು, ಮಿಕ್ಕ ಮೂರಕ್ಕೆ ಹಳೆಯದನ್ನು ಹಾಕಿದಳು. ಮಾರನೆಯ ಬೆಳಿಗ್ಗೆ ಆ ಕಾಗದವನ್ನು ಪೊಲೀಸರ ಕೈಗೆ ಕೊಟ್ಟು, ರಘುನಂದನ್ ಆಡಿದ ಮಾತನ್ನೂ ಹೇಳಿದಳು. ಸಂಜೆಯೊಳಗೆ ಕೆಲಸ ಹೋಯಿತು.

ಆಫೀಸಿನಿಂದ ನೇರ ಕಾಳಪ್ಪನ ಮನೆಗೆ ಹೋದಳು. ಅವನ ಹೆಂಡತಿ ದೊಡ್ಡತಾಯಮ್ಮ ಗೋಡೆಗೊರಗಿ ಕೂತಿದ್ದಳು.

"ಚಿತ್ರ ಬದಲಾಯ್ಸಿದ್ದು ನಾನು, ಅಮ್ಮಾ. ಅಣ್ಣಂದು ತಪ್ಪಿಲ್ಲ."

ದೊಡ್ಡತಾಯಮ್ಮ ಕೈಯೆತ್ತಿ ಹೊಡೆದಿದ್ದರೂ ಆತಿಯಾ ತಡೆದುಕೊಳ್ಳುತ್ತಿದ್ದಳೇನೋ.

"ಕಂಪ್ನಿಯೋರು ಬಂದು ಇವ್ರದೇ ತಪ್ಪು ಅಂದೋದ್ರು. ನೀನಾರಾ ನಿಜ ಏಳ್ದೆ," ಎಂದಳು ದೊಡ್ಡತಾಯಮ್ಮ. "ಓಗವ್ವಾ ಇನ್ನ. ಮತ್ತೆ ಈ ಬಾಗ್ಲಿಗೆ ಬರ್‌ಬ್ಯಾಡ."

ಆತಿಯಾ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.