ಗದ್ದೆಯಾಚೆ ಕೂತವಳು

"ಬಲಗೈ ಮಡಚ್ತಾನೇ ಇಲ್ಲ ಕಣ್ರೀ ಅಯ್ನೋರೆ," ಎಂದು ಸಿದ್ದು, ತೀರಿಹೋದ ತನ್ನ ಅಣ್ಣನ ಮೊಣಕೈಯನ್ನು ಇನ್ನೊಮ್ಮೆ ಒತ್ತಿ ನೋಡಿ ಕೈಬಿಟ್ಟ.

ತೋಟಪ್ಪನ ದೇಹವನ್ನು ಹಲಗೆಯ ಮೇಲೆ ಚಕ್ಕಂಬಟ್ಟಲು ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸಿಯಾಗಿತ್ತು. ಎಡ ಅಂಗೈಯಲ್ಲಿ ಲಿಂಗವಿಟ್ಟು ಮಡಿಲಿಗೆ ತಂದಿದ್ದರು. ಬಲಗೈ ಮಾತ್ರ ಮುಂದಕ್ಕೆ ಚಾಚಿಕೊಂಡೇ ಇತ್ತು.

"ಬಲವಂತ ಮಾಡಬ್ಯಾಡ ಮಾರಾಯ, ಮುರಿದುಬಿಟ್ಟೀಯ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಬಸವಯ್ಯ. "ಒಂದಿಷ್ಟು ಬಿಸಿನೀರು ತರಿಸು."

ಹಲಗೆಯ ಪಕ್ಕದಲ್ಲೇ ಕೂತಿದ್ದ ಪಾರ್ವತಮ್ಮ ಮೈದುನನನ್ನು ಸರಿಸಿದಳು. "ಬಿಡು ಸಿದ್ದು. ಆ ಕೈ ನಂಗೆ ಗೊತ್ತು."

ಅವಳು ಗಂಡನ ಕತ್ತಿನ ಬುಡದಿಂದ ಶುರುಮಾಡಿ ಭುಜಕ್ಕೆ, ಭುಜದಿಂದ ತೋಳಿಗೆ ಹೆಬ್ಬೆರಳಿನಿಂದ ನಿಧಾನಕ್ಕೆ ನೀವುತ್ತಾ ಬಂದಳು. ಟ್ರೊಂಬೋನ್ ಊದುವವನ ಬಲಗೈಗೆ ಬಿಡುವಿಲ್ಲ. ಉದ್ದನೆಯ ಹಿತ್ತಾಳೆ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಜಾರಿಸುತ್ತಲೇ ಇರಬೇಕು. ಸ್ವರ ಹುಟ್ಟುವುದೇ ಹಾಗೆ. ಮೈಸೂರಿನಲ್ಲಿ ಕಛೇರಿಗೆ ಮುಂಚಿನ ದಿನಗಳಲ್ಲಿ ಅವನು ಅಭ್ಯಾಸ ಮುಗಿಸಿ ಬಂದಾಗ ಈ ತೋಳು ಹೀಗೇ ಮರಗಟ್ಟಿರುತ್ತಿತ್ತು. ಚೊಂಬಿನ ಕಾಫಿ ಆರುವವರೆಗೂ ನೀವಿದರೆ ಸಡಿಲವಾಗುತ್ತಿತ್ತು.

ಈಗಲೂ ಸಡಿಲವಾಯಿತು. ಮೊಣಕೈ ಮಡಚಿ ಮಡಿಲಿಗೆ ಬಂತು. ಬಸವಯ್ಯ ಹಣೆಗೂ ತೋಳಿಗೂ ವಿಭೂತಿ ಬಳಿದರು. ಪಾರ್ವತಮ್ಮ ತಲೆಯೆತ್ತಿ ಅಂಗಳ ನೋಡಿದಳು. ಹೆಂಗಸರು ಅಳುತ್ತಿದ್ದರು. ತೆರೆದ ಬಾಯಿಗಳು ಕಾಣುತ್ತಿದ್ದವು, ಅಳು ಕೇಳುತ್ತಿರಲಿಲ್ಲ. ಅವಳ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಪಕ್ಕದಲ್ಲೇ ನಿಂತು ಆಡಿದ ಮಾತಷ್ಟೇ ಬೀಳುತ್ತಿತ್ತು.

*

ಹಾನುಬಾಳಿನಿಂದ ಆಚೆ, ಗುಡ್ಡದ ಇಳಿಜಾರಿನಲ್ಲಿ ಒಂದಿಷ್ಟು ಕಾಫಿ, ಕೆಳಗೆ ಒಂದಿಷ್ಟು ಗದ್ದೆ ಇದ್ದ ಮನೆಯ ಹುಡುಗ ಮೈಸೂರಿನ ವಾದ್ಯವೃಂದದಲ್ಲಿ ಟ್ರೊಂಬೋನ್ ಊದುವವನಾದದ್ದು ಊರಿನವರಿಗೆ ಕಡೆಯವರೆಗೂ ಅರ್ಥವಾಗಲಿಲ್ಲ. ಮಠದ ಹಾಸ್ಟೆಲಿನಲ್ಲಿದ್ದು ಓದಲು ಹೋದವನು ಬೀದಿಯಾಚೆಯ ವಾದ್ಯಶಾಲೆಯ ಕಿಟಕಿಯಲ್ಲಿ ನಿಂತೂ ನಿಂತೂ ಒಂದು ದಿನ ಒಳಗೇ ಸೇರಿಕೊಂಡ. ಉದ್ದ ತೋಳು ನೋಡಿ ಅಲ್ಲಿನ ಮೇಷ್ಟ್ರು ಆ ವಾದ್ಯ ಕೊಟ್ಟರಂತೆ. ಪಿಟೀಲುಗಳು, ಕ್ಲಾರಿನೆಟ್ಟುಗಳು, ನಗಾರಿಗಳೆಲ್ಲ ತುಂಬಿದ ದೊಡ್ಡ ಮೇಳದಲ್ಲಿ ಅವನದು ಹಿಂದಿನ ಸಾಲು. ಕಾಲಕ್ರಮದಲ್ಲಿ ಟ್ರೊಂಬೋನಿನವರಲ್ಲಿ ಮೊದಲನೆಯ ಕುರ್ಚಿ ಅವನಿಗೇ ಬಂತು.

ಮದುವೆಯಾದ ಮರುವರ್ಷ ಯುಗಾದಿಗೆ ಊರಿಗೆ ಬಂದಾಗ ಬಸ್ಸಿನ ಮೇಲಿಂದ ಎರಡು ಉದ್ದನೆಯ ಪೆಟ್ಟಿಗೆ ಇಳಿಸಿದ್ದ. ತೋಟಪ್ಪ ಮೈಸೂರಿಂದ ಜೋಡಿ ಕೋವಿ ತಂದವ್ನೆ ಎಂದು ಊರೆಲ್ಲ ಸುದ್ದಿಯಾಗಿತ್ತು.

"ಮೇಳಕ್ಕೆ ಎರಡು ತರಿಸವ್ರೆ. ಒಂದನ್ನ ನಾನು ಆರಿಸ್ಕೊಬೇಕು," ಎಂದು ಹೊಸ ಹೆಂಡತಿಗೆ ಹೇಳಿದ. "ನೀನು ಕೇಳಿ ಹೇಳು."

"ನಂಗೇನ್ ತಿಳೀತದೆ ಇಂಗ್ಲಿಷ್ ಸಂಗೀತ?"

"ಸಂಗೀತ ತಿಳೀಬೇಕಾಗಿಲ್ಲ. ಇದರ ಬಾಯಿ ಮುಂದಕ್ಕಿರ್ತದೆ. ಹಿಂದೆ ನಿಂತು ಊದೋನಿಗೆ ಅವನ ದನಿ ಅವನಿಗೇ ಗೊತ್ತಾಗಲ್ಲ. ಗದ್ದೆ ಆಚೆ ಹೋಗಿ ಕೂತ್ಕೊ. ಎರಡರಲ್ಲೂ ಒಂದೇ ಹಾಡು ಊದ್ತೀನಿ. ಯಾವ್ದು ಬಂದು ಮುಟ್ತದೋ ಆಗ ಎದ್ದು ನಿಂತ್ಕೊ, ಸಾಕು."

ಅವಳು ನಾಚಿಕೊಳ್ಳುತ್ತಲೇ ಗದ್ದೆ ಬದುವಿನ ಮೇಲೆ ನಡೆದು ಆಚೆಯ ಇಳಿಜಾರಿನ ನೇರಳೆ ಮರದ ಕೆಳಗೆ ಕೂತಳು. ಈಚೆ ಬಂಡೆಯ ಮೇಲೆ ನಿಂತು ಅವನು ಊದಿದ. ಮೊದಲನೆಯ ವಾದ್ಯದ ದನಿ ಹೊಳೆಯುತ್ತ ಬಂದು ತಲೆಯ ಮೇಲೆ ಹಾದು ಗುಡ್ಡ ಹತ್ತಿ ಹೋಯಿತು. ಎರಡನೆಯದರ ದನಿ ಅವಸರವಿಲ್ಲದೆ ಗದ್ದೆ ದಾಟಿ ಬಂದು ಅವಳ ಎದೆಗೆ ತಾಗಿ ಅಲ್ಲೇ ನಿಂತಿತು. ತಾನು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಅವನು ವಾದ್ಯ ಕೆಳಗಿಳಿಸಿ ನಕ್ಕ. ಅಷ್ಟು ದೂರದ ನಗುವೂ ಅವತ್ತು ಅವಳಿಗೆ ಕೇಳಿಸಿತ್ತು.

ಅಲ್ಲಿಂದ ಮುಂದೆ ವಾದ್ಯ ಬದಲಾಯಿಸಲಿ, ತುಟಿಗಿಡುವ ಬಿಲ್ಲೆ ಬದಲಾಯಿಸಲಿ, ತೋಟಪ್ಪ ರಜೆ ಹಾಕಿ ಅವಳನ್ನು ಕರೆದುಕೊಂಡು ಊರಿಗೆ ಬರುತ್ತಿದ್ದ. ಮೇಳದವರು ನಗುತ್ತಿದ್ದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಕೆಲಸದಲ್ಲಿ ಪಾರ್ವತಮ್ಮನಿಗೆ ಇದ್ದ ಪಾಲು ಅದೊಂದೇ. ಅವಳು ಅದನ್ನು ತಾಳಿಯಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಹಾನುಬಾಳಿನಿಂದ ಜೀಪು ಬಂತು. ರಂಗಸ್ವಾಮಿ ಇಳಿದ. ಇಪ್ಪತ್ತು ವರ್ಷಕ್ಕೂ ಮೇಲೆ ತೋಟಪ್ಪನ ಪಕ್ಕದ ಕುರ್ಚಿಯಲ್ಲಿ ಕೂತು ಎರಡನೆಯ ಟ್ರೊಂಬೋನ್ ಊದಿದವನು. ಕೈಯಲ್ಲಿ ವಾದ್ಯದ ಪೆಟ್ಟಿಗೆ ಇತ್ತು. ಚಪ್ಪಲಿ ಕಳಚಿ ಒಳಗೆ ಬಂದು ಗೆಳೆಯನ ಮುಖ ನೋಡಿದ. ಬಾಗಿ ಮೊಣಕಾಲು ಮುಟ್ಟಿದ. ಆಮೇಲೆ ಜಗಲಿಯ ಕಂಬಕ್ಕೆ ಒರಗಿ ಕೂತು ಟವಲಿನಲ್ಲಿ ಮುಖ ಮುಚ್ಚಿಕೊಂಡ.

ತೋಟದಂಚಿನಲ್ಲಿ ಗುಂಡಿ ತೋಡುವುದು ಇನ್ನೂ ಮುಗಿದಿರಲಿಲ್ಲ. ಮಗಳು ಸುಮನಾ ಅವನಿಗೆ ಕಾಫಿ ತಂದುಕೊಟ್ಟಳು. ಪಾರ್ವತಮ್ಮ ಬಂದು ಅವನು ಬಲಕ್ಕೆ ಬರುವಂತೆ ಕೂತಳು.

"ಹೆಂಗಾಯ್ತಮ್ಮ?"

"ಬೆಳಿಗ್ಗೆ ಹಂಡೆಗೆ ಉರಿ ಹಾಕ್ತೀನಿ ಅಂತ ಹೋದ್ರು. ಸೌದೆ ಕೈಲಿ ಹಿಡ್ಕೊಂಡೇ ಕೂತ್ಬುಟ್ಟವ್ರೆ. ಉಬ್ಬಸ ಇದ್ದೇ ಇತ್ತಲ್ಲ. ಹತ್ತು ಹೆಜ್ಜೆ ಏರು ಹತ್ತಿದ್ರೆ ನಿಂತ್ಕೋತಿದ್ರು." ಅವಳು ಒಳಗೆ ಗೋಡೆಗೊರಗಿದ್ದ ಗಂಡನತ್ತ ನೋಡಿದಳು. "ಆ ಹೊಸ ವಾದ್ಯ ತಗೊಂಡ ಮೇಲೇ ಅವ್ರ ಉಸಿರು ಸೋತದ್ದು. ನಂಗೆ ಹಂಗೇ ಅನ್ನಿಸ್ತದೆ."

ರಂಗಸ್ವಾಮಿ ಲೋಟವನ್ನು ಕೆಳಗಿಟ್ಟ.

"ಅಗಲದ ಕೊಳವೆ ಅಮ್ಮ ಅದು. ಉಸಿರು ಕುಡಿಯುತ್ತೆ. ಇಪ್ಪತ್ತೈದರ ಹುಡುಗರಿಗೆ ಸರಿ. ಐವತ್ತು ದಾಟಿದ ಮೇಲೆ ಅದನ್ನ ಹಿಡಿಯೋದು ಬೇಡ ಅಂತ ನಾವೆಲ್ಲ ಹೇಳಿದ್ವಿ. ಹೊಸ ನಿರ್ದೇಶಕರು ಅಗಲದ್ದನ್ನ ಮೆಚ್ಚಿದ್ದೇನೋ ನಿಜ, ಆದರೂ ಆಯ್ಕೆ ನಿಮ್ಮದೇ ಅಂದಿದ್ರು. ತೆಳು ಕೊಳವೆಯದೂ ಒಂದು ಬಂದಿತ್ತಲ್ಲ. ಅವನ ಕೈಗೆ, ಅವನ ಎದೆಗೆ ಹೇಳಿ ಮಾಡಿಸಿದ ಹಾಗಿತ್ತು."

*

ಆ ವಾದ್ಯ ಬಂದ ವರ್ಷ ಅವಳಿಗೆ ದೊಡ್ಡ ಜ್ವರ ಬಂದು ಹೋಗಿತ್ತು. ಜ್ವರ ಹೋಗುವಾಗ ದೂರದ ಸದ್ದನ್ನೆಲ್ಲ ಕೊಂಡುಹೋಗಿತ್ತು. ಮೊದಲು ಹಕ್ಕಿಗಳು, ಆಮೇಲೆ ಬೀದಿಯ ತರಕಾರಿಯವನ ಕೂಗು, ಆಮೇಲೆ ಮಹಡಿಯ ಕೋಣೆಯಲ್ಲಿ ಅವನು ಮಾಡುವ ಅಭ್ಯಾಸ. ತಾನಾಗಿ ಹೋದದ್ದು ತಾನಾಗಿ ಬರುತ್ತದೆ ಎಂದುಕೊಂಡು ಅವಳು ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಅವನು ಎರಡು ಪೆಟ್ಟಿಗೆ ತಂದು ನಡುಮನೆಯಲ್ಲಿಟ್ಟು, "ನಡಿ, ಊರಿಗೆ ಹೋಗಿ ಬರಾಣ," ಎಂದ.

ಕುಯ್ಲು ಮುಗಿದು ಗದ್ದೆಯಲ್ಲಿ ಕೂಳೆ ಮಾತ್ರ ಇತ್ತು. ಸಿದ್ದುವಿನ ಕಣದಲ್ಲಿ ಕಾಫಿ ಹಣ್ಣು ಒಣಗುತ್ತಿತ್ತು. ಅವಳು ನೇರಳೆ ಮರದ ಕೆಳಗೆ ಕೂತಳು. ಈಚೆ ಬಂಡೆಯ ಮೇಲೆ ಅವನು ನಿಂತ. ಕೆನ್ನೆ ಬಿಗಿಯಿತು, ಕೊಳವೆ ಜಾರಿತು, ಹಿಂದೆ ಬಂತು, ಮತ್ತೆ ಜಾರಿತು. ಅವಳು ಬಲಗಿವಿಯ ಹಿಂದೆ ಅಂಗೈ ಹಿಡಿದಳು. ಏನೂ ಬರಲಿಲ್ಲ. ಅವಳ ರಕ್ತದ ಜುಂಯ್ ಎನ್ನುವ ಸದ್ದಷ್ಟೇ.

ಅವನು ಅದನ್ನಿಳಿಸಿ ಇನ್ನೊಂದನ್ನು ಎತ್ತಿಕೊಂಡ. ಅದರ ಅಗಲ ಬಾಯಿಗೆ ಬಿಸಿಲು ಬಡಿದು ಗದ್ದೆಯ ಆಚೆಗೂ ಹೊಳೆಯಿತು. ತುಟಿಗಿಟ್ಟ. ಕೊಳವೆ ಒಮ್ಮೆ ಜಾರಿತು, ಇನ್ನೊಮ್ಮೆ ಜಾರಿತು. ಮೇಳದ ಹೊಸ ಸಾಹೇಬರಿಗೂ ಅಗಲದ್ದೇ ಇಷ್ಟ ಎಂದು ಅವನು ಬಸ್ಸಿನಲ್ಲಿ ಹೇಳಿದ್ದು ಅವಳಿಗೆ ನೆನಪಾಯಿತು. ಇದೇ ಇರಬೇಕು ಎಂದುಕೊಂಡು ಎದ್ದು ನಿಂತಳು.

ಅವನು ವಾದ್ಯವನ್ನು ತುಟಿಗಿಟ್ಟುಕೊಂಡೇ ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಕೂಳೆ ತುಳಿಯುತ್ತ ಗದ್ದೆ ದಾಟಿ ಅವಳ ಹತ್ತಿರಕ್ಕೆ ಬಂದ.

"ಇದೇನಾ?"

"ಇದೇ. ಎಷ್ಟ್ ಚೆಂದಾಗಿ ಬಂತು ಗೊತ್ತಾ."

ಅವನು ಅವಳ ಮುಖ ನೋಡಿದ. "ಸರಿ. ಹಂಗಾದ್ರೆ ಇದೇ," ಎಂದ.

ಆಮೇಲಿನ ವರ್ಷಗಳಲ್ಲಿ ಅವನು ಮೆತ್ತಗಾದ ಎಂದು ಅವಳಿಗೆ ಅನ್ನಿಸಿತ್ತು. ಅಂಗಳದಿಂದ ಕೂಗುವುದನ್ನು ಬಿಟ್ಟು ಅಡುಗೆಮನೆಗೇ ಬಂದು ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದ. ಬೀದಿಯಲ್ಲಿ ನಡೆಯುವಾಗ ಯಾವಾಗಲೂ ಅವಳ ಬಲಕ್ಕೇ ಬರುತ್ತಿದ್ದ. ವಯಸ್ಸಾಗುತ್ತ ಗಂಡಸರಿಗೆ ಹೆಂಡತಿಯ ಮೇಲೆ ಅಕ್ಕರೆ ಹೆಚ್ಚುತ್ತದೆ ಎಂದುಕೊಂಡಿದ್ದಳು. ಹೋದ ವರ್ಷ ಸುಮನಾ ಹಾಸನದ ಡಾಕ್ಟರಿಗೆ ತೋರಿಸಿದಾಗಲೇ ಕಿವಿಯ ವಿಷಯ ಮನೆಯಲ್ಲಿ ಬಯಲಾದದ್ದು. "ಹೌದಾ? ನಂಗೆ ಗೊತ್ತೇ ಆಗ್ಲಿಲ್ವಲ್ಲ," ಎಂದಿದ್ದ ತೋಟಪ್ಪ, ಮಗಳ ಮುಂದೆ.

*

"ಒಂದು ಸಲ ವೇದಿಕೆ ಮೇಲೇ ಬಿದ್ದನಲ್ಲ," ರಂಗಸ್ವಾಮಿ ಹೇಳುತ್ತಿದ್ದ. "ಉದ್ದನೆಯ ಸ್ವರ ಹಿಡಿದಿದ್ದ, ಹಿಡಿದ ಹಾಗೇ ಪಕ್ಕಕ್ಕೆ ವಾಲಿದ."

"ಸೆಕೆಗೆ ಅಂದ್ರು."

"ಮನೇಲಿ ಹಾಗೇ ಹೇಳಿ ಅಂದಿದ್ದ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ನಾನೇ ಬೈದೆ. ವಾದ್ಯ ಬದಲಾಯಿಸೋಣ ಕಣೋ, ನೀನು ಬಿಟ್ಟದ್ದಕ್ಕೆ ನನ್ನ ಪಾಲಿಗೆ ಬಂದ ಆ ತೆಳುವಿನದನ್ನ ನೀನು ತಗೋ, ಅದನ್ನ ನನಗೆ ಕೊಡು ಅಂದೆ. ಆಗಲ್ಲ ಅಂದ. ನಾನದನ್ನ ಬಿಟ್ಟೆ ಅಂತ ಗೊತ್ತಾದ್ರೆ ಯಾಕೆ ಅಂತ ಅವಳು ಕೇಳ್ತಾಳೆ, ಏನು ಹೇಳಲಿ ಅಂದ. ಕಡೆಗೆ ಅವಧಿ ಇರೋವಾಗಲೇ ಕೆಲಸ ಬಿಟ್ಟನೇ ಹೊರತು ಅದನ್ನ ಬಿಡಲಿಲ್ಲ. ನಿಮಗೆ ಗೊತ್ತಿರೋದೇ ಅಲ್ವಾಮ್ಮ ಇದೆಲ್ಲ."

ಪಾರ್ವತಮ್ಮ ಅವನ ತುಟಿಯನ್ನೇ ನೋಡುತ್ತಿದ್ದಳು. "ಏನು ಗೊತ್ತಿರೋದು?"

"ನೀವು ಆ ವಾದ್ಯ ಆರಿಸಿದ ಅವತ್ತೇ ಅವನಿಗೆ ತಿಳೀತಲ್ಲ, ನಿಮಗೆ ಕಿವಿ ಕೇಳಿಸ್ತಿಲ್ಲ ಅಂತ." ರಂಗಸ್ವಾಮಿ ಅವಳ ಮುಖ ನೋಡಿ ತಡವರಿಸಿದ. "ಡಾಕ್ಟರ ಹತ್ರ ಹೋಗಿ ಬಂದ ಮೇಲೆ ನಿಮಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ."

"ಅವತ್ತು ಹೆಂಗೆ ತಿಳೀತು?"

"ಬೇಡ ಬಿಡಿ ಅಮ್ಮ ಈಗ."

"ಹೇಳಿ."

ಅವನು ನೆಲ ನೋಡಿದ. ಅವಳಿಗೆ ಕೇಳಿಸಲಾರದು ಎಂದು ನೆನಪಾಗಿ ಮುಖವೆತ್ತಿದ. "ಎರಡನೆಯದನ್ನ ಅವನು ಊದಿಯೇ ಇರಲಿಲ್ಲ. ಹೊಸ ಕೊಳವೆ ಬಿಗಿ ಇತ್ತು. ಸರಾಗ ಆಗಲಿ ಅಂತ ಸುಮ್ಮನೆ ಜಾರಿಸ್ತಿದ್ದನಂತೆ. ಅಷ್ಟರಲ್ಲಿ ನೀವು ಎದ್ದು ನಿಂತ್ರಂತೆ."

ಒಳಗೆ ಸುಮನಾ ಯಾರಿಗೋ ಹೂವು ಕೊಡುತ್ತಿದ್ದಳು. ಪಾರ್ವತಮ್ಮ ಜಗಲಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಷ್ಟ್ ಚೆಂದಾಗಿ ಬಂತು ಗೊತ್ತಾ. ಅವಳ ದನಿ ಅವಳೊಳಗೇ ಇನ್ನೊಮ್ಮೆ ಆಡಿತು.

"ನಂಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳಿದೆ. ಹೇಳಿದ್ರೆ ಇನ್ನೊಂದು ಸಲ ಅವಳು ಗದ್ದೆ ಆಚೆ ಬಂದು ಕೂರಲ್ಲ ಅಂದ."

ಅದು ನಿಜ. ಆಮೇಲೂ ಅವನು ತುಟಿಗಿಡುವ ಬಿಲ್ಲೆಗಳನ್ನು ತಂದಿದ್ದ. ಆಮೇಲೂ ಅವಳು ಹೋಗಿ ಕೂತಿದ್ದಳು, ಅವನ ಭುಜ ನೋಡಿ, ಬಿಸಿಲು ನೋಡಿ, ಎದ್ದು ನಿಂತಿದ್ದಳು. ಪ್ರತಿ ಸಲವೂ ಅವನು ಬಂಡೆಯ ಮೇಲಿಂದ ಕೈಯೆತ್ತಿದ್ದ.

ಅವಳು ಎದ್ದು ಒಳಗೆ ಹೋದಳು. ವಿಭೂತಿ ಬಳಿದ ಆ ಎದೆಯ ಮೇಲೆ ಅಂಗೈಯಿಟ್ಟು, ಸಿದ್ದು ಬಂದು ಎಬ್ಬಿಸುವವರೆಗೂ ಹಾಗೇ ಕೂತಿದ್ದಳು. ಅಳು ಬಂತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಸುಮನಾ ಮಾತ್ರ ಆ ಸದ್ದು ಕೇಳಿ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು.

*

ಗುಂಡಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ತೋಟಪ್ಪನನ್ನು ಕೂರಿಸಿದರು. ಬಸವಯ್ಯ ಪತ್ರೆ ಹಾಕಿದರು, ವಿಭೂತಿ ಗಟ್ಟಿಗಳನ್ನು ಜೋಡಿಸಿದರು. ಬಂದವರೆಲ್ಲ ಹಿಡಿ ಹಿಡಿ ಮಣ್ಣು ಹಾಕಿದ ಮೇಲೆ ಸಿದ್ದುವೂ ಇತರರೂ ಸಲಿಕೆ ಹಿಡಿದರು. ಮಣ್ಣು ನೆಲದ ಮಟ್ಟಕ್ಕೆ ಬಂದು, ದಿಬ್ಬವಾಯಿತು.

ರಂಗಸ್ವಾಮಿ ಪೆಟ್ಟಿಗೆ ತೆರೆದು ಟ್ರೊಂಬೋನ್ ಜೋಡಿಸಿದ. "ಒಂದು ಊದಬಹುದಾ ಸ್ವಾಮಿ?"

"ಊದಪ್ಪ. ಆತ ಜೀವಮಾನವೆಲ್ಲ ಮಾಡಿದ್ದೇ ಅದು," ಎಂದರು ಬಸವಯ್ಯ.

ಅವನು ಮರ್ಯಾದೆಗೆ ಹಿಂದೆ ಸರಿದು ಕಾಫಿ ಗಿಡಗಳ ಹತ್ತಿರ ನಿಂತ. ಪಾರ್ವತಮ್ಮ ಕೈ ಬೀಸಿ ಕರೆದಳು.

"ದೂರ ಬ್ಯಾಡ. ಇಲ್ಲಿ, ನನ್ನ ಬಲಗಡೆಗೆ ಬನ್ನಿ."

"ಕಿವಿ ಹತ್ರ ಜೋರಾಗುತ್ತಮ್ಮ."

"ಆಗ್ಲಿ."

ಅವನು ಅವಳ ಭುಜಕ್ಕೆ ತಾಗುವಷ್ಟು ಹತ್ತಿರ ನಿಂತು ಊದಿದ. ಮೊದಲ ಸ್ವರ ಒಡೆದು ಬಂತು. ಅವನ ತುಟಿ ನಡುಗುತ್ತಿತ್ತು. ಆಮೇಲೆ ಕೂಡಿಕೊಂಡಿತು. ತೆಳುವಾಗಿ, ಬೆಚ್ಚಗೆ, ಎಲ್ಲೂ ಅವಸರಪಡದೆ ಅದು ಅವಳ ಕಿವಿಯೊಳಕ್ಕೆ ಬಂತು. ಎಷ್ಟೋ ವರ್ಷದ ಮೇಲೆ ಬಂತು. ಅವಳು ಕಣ್ಣು ಮುಚ್ಚಲಿಲ್ಲ. ಹಾಡು ಮುಗಿಯುವವರೆಗೂ ದಿಬ್ಬವನ್ನೇ ನೋಡುತ್ತ ನಿಂತಿದ್ದಳು.

"ಅವತ್ತು ಅವ್ರು ಮೊದ್ಲು ಊದಿದ್ದು ಈ ವಾದ್ಯಾನೇನಾ?"

ರಂಗಸ್ವಾಮಿ ತಲೆಯಾಡಿಸಿದ. "ಇದನ್ನೇ."

"ಚೆಂದಾಗೈತೆ," ಎಂದಳು ಪಾರ್ವತಮ್ಮ.

ರಂಗಸ್ವಾಮಿಯ ರೂಢಿಯ ಕೈ ತಾನಾಗಿ ಕೊಳವೆಯ ತುದಿಯಲ್ಲಿ ನೀರು ಹೊರಬಿಡುವ ಸಣ್ಣ ಬಿರಟೆಯನ್ನು ಒತ್ತಿತು. ಒಳಗೆ ಕೂಡಿದ್ದ ಉಸಿರು ನೀರಾಗಿ ತೊಟ್ಟು ತೊಟ್ಟು ಹೊಸ ಮಣ್ಣಿನ ಮೇಲೆ ಬಿತ್ತು. ಕೆಮ್ಮಣ್ಣಿನಲ್ಲಿ ಕಪ್ಪಗೆ ಬೊಟ್ಟುಗಳೆದ್ದವು. ಪಾರ್ವತಮ್ಮ ಕುಕ್ಕರುಗಾಲಲ್ಲಿ ಕೂತು, ಆ ಒದ್ದೆ ಆರುವ ಮೊದಲೇ, ಅದರ ಮೇಲೆ ಅಂಗೈಯಿಂದ ಮಣ್ಣೆಳೆದು ಮುಚ್ಚತೊಡಗಿದಳು.