ಹೂಕುಂಡದ ಹಿಂದಿನ ಕಾಲು

ಹೋಗುವಿರಂತೆ, ಒಂದು ನಿಮಿಷ ನಿಂತು ಇದನ್ನು ಕೇಳಿ.

“ಆ ಹೂಕುಂಡ ಈಚೆ ತೆಗೀರಪ್ಪ, ಪೆಟ್ಟಿಗೆ ತಿರುಗ್ತಾ ಇಲ್ಲ,” ಎಂದ ಚರ್ಚಿನೊಳಗೆ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದವರಲ್ಲೊಬ್ಬ.

“ಬೇಡ, ಅಲ್ಲೇ ಇರ್ಲಿ,” ಎಂದಳು ಸತ್ತವಳ ಮಗಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುಂಡಗಳು ಸರಿದವು. ಇಷ್ಟು ವರ್ಷ ಮರೆಯಲ್ಲಿದ್ದ ಎರಡು ಮಣ್ಣಿನ ಕಾಲುಗಳು ಗೋಡೆಯ ಮೇಲೆ ಬಯಲಾದವು.

ಆ ಚರ್ಚೇ ಹಾಗೆ. ಅಲ್ಲಿನ ಜನರ ಗುಡಿಸಲಿನಂತೆ ದುಂಡಗೆ, ಅಲ್ಲಿನದೇ ಇಟ್ಟಿಗೆಯಲ್ಲಿ ಕಟ್ಟಿದ್ದು. ಒಳಗೆ ಗೋಡೆಯ ಮಣ್ಣಿನ ಉಬ್ಬುಶಿಲ್ಪದಲ್ಲಿ ಮಾತೆ ಮರಿಯ ಸಿಂಹಾಸನದ ಮೇಲಿಲ್ಲ. ನೆಲದಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ಮೀಯಿಸುತ್ತಿದ್ದಾಳೆ. ಬಗ್ಗಿದ ಮುಖವನ್ನು ಸೆರಗು ಮುಚ್ಚಿದೆ. “ನಮ್ಮ ಮನೆ ತಾಯಿ ಥರಾನೇ ಇರ್ಲಿ,” ಎಂದಿದ್ದರಂತೆ ಕಟ್ಟಿಸಿದ ಫಾದರ್. ಶಿಲ್ಪಿ ಅಲ್ಲೇ ಇಟ್ಟಿಗೆ ಹೊರುತ್ತಿದ್ದವಳೊಬ್ಬಳನ್ನು ಎದುರಿಗೆ ಕೂರಿಸಿಕೊಂಡು ಮಾಡಿದ. ಇಟ್ಟಿಗೆ ಬಿದ್ದು ಸೊಟ್ಟಗಾಗಿದ್ದ ಅವಳ ಕಾಲಿನ ಕಿರುಬೆರಳನ್ನೂ ಬಿಡಲಿಲ್ಲ.

ಇವತ್ತು ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವಳೇ. ಕಾಲಿಗೆ ಶೂ. ಬೆಳಿಗ್ಗೆ ಮಗಳೇ ಹಾಕಿ ಬಿಗಿದಿದ್ದಳು.

*

ವರ್ಷಗಳ ಹಿಂದೆ, ತನ್ನ ಮದುವೆಯ ಹಿಂದಿನ ದಿನ ಮಗಳು ಅತ್ತಿದ್ದಳು. “ನೀನು ಟೀಚರ್ ಅಂತ ಹೇಳ್ಬಿಟ್ಟಿದೀನಮ್ಮ ಗಂಡಿನ ಮನೆಯವ್ರಿಗೆ. ಆ ಕಾಲು ನೋಡಿ, ನಿನ್ನ ಕಾಲು ನೋಡಿದ್ರೆ…”

“ಅಷ್ಟೇ ತಾನೇ? ಅಲ್ಲಿಗೆ ಹೂಕುಂಡ, ಇಲ್ಲಿಗೆ ಶೂ,” ಎಂದು ತಾಯಿ ನಕ್ಕಳು. “ನಿಮ್ಮತ್ತೆ ಮಗ್ಗಿ ಕೇಳದಿದ್ರೆ ಸಾಕು.”

ಕುಂಡಗಳನ್ನು ಅವಳೇ ಹೊತ್ತು ತಂದಿಟ್ಟಳು. ಆಮೇಲೆ ಅವಕ್ಕೆ ನೀರು ಹಾಕುತ್ತಾ ಬಂದವಳೂ ಅವಳೇ.

*

“ನಿಮ್ಮಮ್ಮನ್ನ ಬರಿಗಾಲಲ್ಲಿ ನೋಡಿದ್ದೇ ಇಲ್ಲ ಕಣೇ ನಾನು,” ಇಳಿಸಿಟ್ಟ ತೆರೆದ ಪೆಟ್ಟಿಗೆಯ ಪಕ್ಕ ಅತ್ತೆ ಕಣ್ಣೊರೆಸಿಕೊಂಡರು. “ಏನು ಶಿಸ್ತು. ಟೀಚರ್ ಅಂದ್ರೆ ಟೀಚರ್.”

ಅಷ್ಟರಲ್ಲಿ ಇಟ್ಟಿಗೆ ಗೂಡಿನ ಹೆಂಗಸರು ಬಂದರು. ಮುಂದಿದ್ದ ಮುದುಕಿ ಸತ್ತವಳ ಜೊತೆಗೇ ಹೊರೆ ಹೊತ್ತವಳು. ಪೆಟ್ಟಿಗೆಯೊಳಗೆ ಇಣುಕಿ ಶೂ ನೋಡಿದಳು. ಅದನ್ನು ಮುಟ್ಟಲಿಲ್ಲ. ಗೋಡೆಯ ಹತ್ತಿರ ಹೋಗಿ, ಆ ಸೊಟ್ಟ ಬೆರಳನ್ನು ಹಿಡಿದು, “ಹೋಗಿ ಬಾರೇ,” ಎಂದಳು. ಹಿಂದಿನವರೂ ಒಬ್ಬೊಬ್ಬರಾಗಿ ಅದನ್ನೇ ಹಿಡಿದರು.

“ಅದ್ಯಾಕೆ ಎಲ್ರೂ ಆ ಕಾಲು ಹಿಡೀತಿದಾರೆ?” ಅತ್ತೆ ಸೊಸೆಯ ಕಡೆ ತಿರುಗಿದರು. “ಯಾರದಂತೆ ಅದು?”

ಮುದುಕಿಯೂ ಮಗಳ ಮುಖವನ್ನೇ ನೋಡುತ್ತಿದ್ದಳು.

“ಗೊತ್ತಿಲ್ಲ ಅತ್ತೆ.”

ಮುದುಕಿ ಬಗ್ಗಿ, ಸರಿಸಿಟ್ಟಿದ್ದ ಕುಂಡವೊಂದನ್ನು ತಬ್ಬಿ ಎತ್ತಿ ತಂದು, ಗೋಡೆಯ ಕಾಲಿನ ಮುಂದೆ ಇಟ್ಟಳು. ಇನ್ನೂ ಕಾಣುತ್ತಿದ್ದ ಕಿರುಬೆರಳಿನ ಮೇಲೆ ಎಲೆಯೊಂದನ್ನು ಎಳೆದು ಮುಚ್ಚಿದಳು.

ಮಗಳ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?