ಸಮುದ್ರದ ಕಡೆಯ ಪಟ್ಟಿ

ದೀಪಸ್ತಂಭವನ್ನು ಪಾರಂಪರಿಕ ಕಟ್ಟಡವೆಂದು ಘೋಷಿಸಿದ ಮೇಲೆ ಅದಕ್ಕೆ ಬಣ್ಣ ಬಳಿಯುವ ಕೆಲಸ ಸಿಕ್ಕಿದ್ದು ತಮ್ಮನಿಗೆ. ಅದಕ್ಕೂ ಮೊದಲು ಎಷ್ಟೋ ವರ್ಷ ಅದರ ಕೆಂಪು ಬಿಳಿ ಪಟ್ಟಿಗಳನ್ನು ಬಳಿದವನು ಅಣ್ಣ. ಮಂಡಿ ನೋವಿನಿಂದಾಗಿ ಅವನೀಗ ಹಗ್ಗದಲ್ಲಿ ತೂಗುವ ಹಲಗೆಯ ಮೇಲೆ ಕೂರಲಾರ. ಆದರೂ ತನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದು ಅವನ ವಾದ.

ಪತ್ರಿಕೆಯಲ್ಲಿ ತಮ್ಮನ ಫೋಟೊ ಬಂತು.

"ನಿಮ್ಮ ತಮ್ಮ ಚೆನ್ನಾಗಿ ಬಂದಿದಾನೆ ಫೋಟೊದಲ್ಲಿ," ಎಂದಳು ಹೆಂಡತಿ.

"ಬ್ರಷ್ ಯಾವ ಕಡೆ ಹಿಡೀಬೇಕು ಅಂತ ಕಲಿಸಿದ್ದು ನಾನು. ನನ್ನ ಫೋಟೊ ಯಾರಾದ್ರೂ ತೆಗೆದ್ರಾ?"

"ನೀವು ಫೋಟೊದಲ್ಲಿ ನಗಲ್ಲ ಬಿಡಿ."

ಆ ದಿನದಿಂದ ಅವನು ದಿನವೂ ಕುಂಟುತ್ತ ಹೋಗಿ ಸ್ತಂಭದ ಕೆಳಗೆ ನಿಲ್ಲತೊಡಗಿದ. ಒಂದು ತಪ್ಪು ಸಿಕ್ಕರೆ ಸಾಕು, ತಮ್ಮನಿಂದ ಕೆಲಸ ಬಿಡಿಸಬಹುದು. ಊರಿನ ಕಡೆಯಿಂದ ಎಷ್ಟು ನೋಡಿದರೂ ತಪ್ಪು ಕಾಣಲಿಲ್ಲ. ಕೊನೆಗೆ ನೀರು ಇಳಿದಿದ್ದಾಗ ಸಮುದ್ರದ ಕಡೆಗೆ ಸುತ್ತಿಕೊಂಡು ಹೋಗಿ ಬಂಡೆಗಳ ಮೇಲೆ ನಿಂತು ನೋಡಿದ. ಅಲ್ಲಿ ಕೆಳಗೆ ನಿಂತು ಅವನು ಸ್ತಂಭವನ್ನು ಹಿಂದೆಂದೂ ನೋಡಿರಲಿಲ್ಲ.

ಮೇಲಿನಿಂದ ಎರಡನೆಯ ಕೆಂಪು ಪಟ್ಟಿ ಬಲಬದಿಗೆ ಸೊಟ್ಟಗೆ ವಾಲಿತ್ತು. ಬಣ್ಣ ಹೊಸದು, ಇನ್ನೂ ಹೊಳೆಯುತ್ತಿತ್ತು.

"ಮೇಡಂ, ಬನ್ನಿ ಇಲ್ಲಿ!" ಮೇಲ್ವಿಚಾರಣೆಗೆ ಬಂದಿದ್ದ ಅಧಿಕಾರಿಯನ್ನು ಅವನು ಕೂಗಿ ಕರೆದ. "ಇದನ್ನ ಗೆರೆ ಅಂತಾರಾ? ಕುಡಿದವನು ಬಳಿದ ಹಾಗಿದೆ!"

ಆಕೆ ಕತ್ತೆತ್ತಿ ನೋಡಿದರು.

"ಹಳೇ ಗೆರೆ ಅದು. ಅದರ ಮೇಲೇ ಬಳೀಬೇಕು ಅಂತ ನಾನೇ ಹೇಳಿದ್ದು. ಪಾರಂಪರಿಕ ಕಟ್ಟಡ, ಪಟ್ಟಿಗಳು ಇದ್ದ ಹಾಗೇ ಉಳೀಬೇಕು ಅಂತ ನಿಯಮ. ಇದ್ಯಾಕೆ ಹೀಗೆ ಸೊಟ್ಟ ಅಂತ ನಿಮ್ಮ ತಮ್ಮನ್ನ ಕೇಳಿದ್ದೆ. 'ಗಾಳಿ, ಮೇಡಂ' ಅಂದ್ರು, ಅಷ್ಟೇ."

ಆ ಎತ್ತರದಲ್ಲಿ ಸಮುದ್ರದ ಗಾಳಿ ಹಲಗೆಯನ್ನು ಒಂದೇ ಸಮ ಬಲಕ್ಕೆ ತಳ್ಳುತ್ತಿದ್ದದ್ದು ಅಣ್ಣನ ಮೈಗೆ ನೆನಪಾಯಿತು. ಕೆಲಸ ಮುಗಿಸಿ ಅವನು ಇಳಿಯುತ್ತಿದ್ದದ್ದು ಯಾವಾಗಲೂ ಊರಿನ ಕಡೆಗೆ.

"ಅಣ್ಣಾ, ಬಂಡೆ ಜಾರುತ್ತೆ, ನೋಡ್ಕೊಂಡು!" ಮೇಲಿನಿಂದ ತಮ್ಮ ಕೂಗಿದ.

"ನಂಗೊತ್ತು, ನೀನು ಹಗ್ಗ ನೋಡ್ಕೋ!"

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ಹೇಗೆ ಬಳೀತಿದಾನೆ?"

ಅವನು ಚಪ್ಪಲಿ ಬಿಟ್ಟು, ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತ.

"ಅವನದು ಅಂತ ಏನಿದೆ ಅಲ್ಲಿ? ಎಲ್ಲಾ ನಾನು ಬಳಿದಿದ್ದರದೇ ನಕಲು."